ಗಡಿಯಾರದ ಮುಳ್ಳಿಗೆ ಜೋತುಬಿದ್ದ ಗುಂಡುಕಲ್ಲು

ಫೆಬ್ರವರಿ 4

ಪ್ರೀತಿಯ ಅತ್ತಿಗೆ,

ಕವರಿನ ಮೇಲೆ ನನ್ನ ಕೈಬರಹ ನೋಡಿದ ಕೂಡಲೇ ಮೂಲೆಗೆ ಎಸೆದಿರುತ್ತೀರಿ. ಎಸೆದದ್ದನ್ನು ಅರ್ಧ ಗಂಟೆ ಬಿಟ್ಟು ಎತ್ತಿಕೊಂಡು ಓದುವ ಅಭ್ಯಾಸ ನಿಮಗಿದೆ ಎಂದು ಅಣ್ಣ ಹೇಳುತ್ತಿದ್ದ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಆರು ವರ್ಷದಿಂದ ನಾವಿಬ್ಬರೂ ಫೋನಿನಲ್ಲಿ "ಚೆನ್ನಾಗಿದ್ದೀರಾ", "ಚೆನ್ನಾಗಿದ್ದೀನಿ", "ಅತ್ತೆ ಮಂಡಿನೋವು ಹೇಗಿದೆ" ಎಂಬ ಮೂರು ಮಾತಿನಲ್ಲೇ ಕಾಲ ತಳ್ಳಿದ್ದೇವೆ. ಈ ಆರು ವರ್ಷದಲ್ಲಿ ಕಾಗದ ಇದೇ ಮೊದಲು.

ಕಾರಣ ನಮ್ಮ ನೌಕೆ. ಆ ಬಾಹ್ಯಾಕಾಶದ ಸೀರಿಯಲ್ಲನ್ನು ಟೀವಿಯಲ್ಲಿ ಮತ್ತೆ ಹಾಕುತ್ತಿದ್ದಾರೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಏಳು ಜನ, ಒಂದು ಮುರುಕಲು ನೌಕೆ, ಮನೆಗೆ ಹೋಗುವ ದಾರಿ ಯಾರಿಗೂ ಗೊತ್ತಿಲ್ಲ. ಈ ವಾರ ಕ್ಯಾಪ್ಟನ್ ಸಿಟ್ಟಿನಿಂದ ಬಾಗಿಲು ಬಡಿದಾಗ ನೌಕೆಯ ಗೋಡೆ ಅಲ್ಲಾಡಿತು. ನನಗೆ ಹನ್ನೆರಡು ವರ್ಷವಿದ್ದಾಗ, ನೀವು ಮದುವೆಯಾಗಿ ನಮ್ಮ ಮನೆಗೆ ಬಂದ ಮೊದಲನೇ ತಿಂಗಳು, ಇದೇ ಗೋಡೆ ಅಲ್ಲಾಡಿತ್ತು. ನೀವು ಎಲ್ಲರೆದುರು, "ಉಕ್ಕಿನ ಗೋಡೆ ಅಂತೆ, ಹತ್ತು ಕೆಜಿ ಇಲ್ಲ," ಎಂದಿರಿ. ಅಪ್ಪ ಕನ್ನಡಕದ ಮೇಲಿಂದ ನೋಡಿದರು. ಹೊಸ ಸೊಸೆ ಟೀವಿ ಜೊತೆ ಜಗಳಕ್ಕೆ ನಿಲ್ಲುತ್ತಾಳಲ್ಲ ಎಂದು ಅಮ್ಮನಿಗೆ ದಿಗಿಲು. ನನಗೆ ಮಾತ್ರ ಈ ಮನೆಗೆ ಕೊನೆಗೂ ನನ್ನ ಪೈಕಿಯವರೊಬ್ಬರು ಬಂದರು ಅನ್ನಿಸಿತು. ನಿಮ್ಮ ಟ್ರಂಕಿನಲ್ಲಿ ಬಟ್ಟೆಗಳ ಅಡಿಯಲ್ಲಿ ಎರಡು ಡಜನ್ ಕಾಮಿಕ್ಸ್ ಸಿಕ್ಕಿದ್ದು ಅದಾದ ಮೇಲೆ.

ಮರುದಿನ ಲ್ಯಾಬಿನಲ್ಲಿ ಯಾರದೋ ಹಲ್ಲಿನ ಸೆಟ್ ಉಜ್ಜುತ್ತಾ ಒಬ್ಬಳೇ ನಗುತ್ತಿದ್ದೆ. ನಮ್ಮ ಹಿರಿಯ ಮೇಷ್ಟ್ರು, ಅರ್ಧ ಊರಿನ ಬಾಯಿಗೆ ಹಲ್ಲು ಮಾಡಿಕೊಟ್ಟವರು, ಏನಮ್ಮಾ ಎಂದು ಕೇಳಿದರು. ಅವರಿಗೆ ಹೀಗೆ ವಿವರಿಸಲು ಹೋದೆ. ಅತ್ತಿಗೆಗೆ ಬೇರೆ ಊರಿಗೆ ವರ್ಗವಾದ ಮೇಲೆ ನಾವಿಬ್ಬರೂ ಅಂಚೆಯಲ್ಲಿ ಸೂಪರ್ ಹೀರೋ ಆಟ ಆಡುತ್ತಿದ್ದೆವು. ಅತ್ತಿಗೆ ಗುಂಡುಕಲ್ಲು ಎಂಬ ನಾಯಕಿ. ಮುಟ್ಟಿದ್ದನ್ನೆಲ್ಲ ಹತ್ತಿಯಷ್ಟು ಹಗುರವೋ ಬೆಟ್ಟದಷ್ಟು ಭಾರವೋ ಮಾಡಬಲ್ಲಳು, ತನ್ನನ್ನು ಮಾತ್ರ ಮಾಡಿಕೊಳ್ಳಲಾರಳು. ನಾನು ರಬ್ಬರ್ ರಾಯ ಎಂಬ ಖಳನಾಯಕ. ಏನು ಸಿಕ್ಕರೂ ಉಜ್ಜಿ ಅಳಿಸಿಬಿಡುತ್ತೇನೆ. ಆಟದ ಊರಿನ ನಕ್ಷೆ ಬರೆದುಕೊಟ್ಟವನು ಬೋರ್ಡ್ ಬರೆಯುವ ನಮ್ಮಣ್ಣ. ಯಾರು ಏನು ಮಾಡಹೊರಟರೂ ದಾಳ ಹಾಕಬೇಕು. ನಾಲ್ಕು, ಐದು, ಆರು ಬಿದ್ದರೆ ಕೆಲಸ ಆಯಿತು, ಕಡಿಮೆ ಬಿದ್ದರೆ ಕೆಟ್ಟಿತು. ಅವರವರ ಮನೆಯಲ್ಲಿ ಅವರವರು ದಾಳ ಹಾಕಿ, ಬಿದ್ದದ್ದನ್ನು ಕಾಗದದಲ್ಲಿ ಬರೆಯುವುದು. ಮೇಷ್ಟ್ರು ಎಲ್ಲ ಕೇಳಿಸಿಕೊಂಡು, "ಗೆದ್ದೋರಿಗೆ ಏನ್ ಸಿಗುತ್ತೆ?" ಎಂದರು. "ಇನ್ನೊಂದು ಕಾಗದ," ಎಂದೆ. ಅವರು ತಲೆ ಅಲ್ಲಾಡಿಸಿ ಒಂದು ಪ್ಲಾಸ್ಟರ್ ದವಡೆ ಎತ್ತಿಕೊಂಡು ಹೋದರು.

ಗುಂಡುಕಲ್ಲು ಇನ್ನೂ ಗಡಿಯಾರದ ಗೋಪುರದಲ್ಲೇ ಇದ್ದಾಳೆ ಅತ್ತಿಗೆ. ಆರು ವರ್ಷದಿಂದ ನಿಮಿಷದ ಮುಳ್ಳಿಗೆ ಜೋತುಬಿದ್ದಿದ್ದಾಳೆ. ಕೈ ಎಷ್ಟು ನೋಯುತ್ತಿರಬೇಕು. ರಬ್ಬರ್ ರಾಯನೂ ರಬ್ಬರ್ ಎತ್ತಿ ಹಿಡಿದುಕೊಂಡು ಹಾಗೇ ನಿಂತಿದ್ದಾನೆ, ಅವನ ಸೊಂಟವನ್ನಂತೂ ಕೇಳುವವರಿಲ್ಲ.

ಹೇಳಬೇಕಾದದ್ದು ಇಷ್ಟೇ, ಗೋಡೆ ಅಲ್ಲಾಡಿತು.

ನಿಮ್ಮ,
ಮಿಡತೆ


ಫೆಬ್ರವರಿ 19

ಮಿಡತೆಗೆ,

ಕಾಗದ ತಲುಪಿತು. ಗೋಡೆ ಅಲ್ಲಾಡಿದ್ದನ್ನು ನಾನೂ ನೋಡಿದೆ. ಹತ್ತು ಕೆಜಿ ಎಂದು ಅವತ್ತು ಅಂದದ್ದು ಜಾಸ್ತಿಯಾಯಿತು. ಆರು ಇರಬಹುದು.

ಗುಂಡುಕಲ್ಲಿನ ವಿಷಯ ಎತ್ತಬೇಡ. ಯಾಕೆಂದು ನಿನಗೆ ಗೊತ್ತು. ಆದರೂ ಅವತ್ತು ನಾನು ಬರೆದದ್ದು "ಇನ್ನು ಆಟ ಬೇಡ" ಎಂಬ ಒಂದೇ ಸಾಲು, ಆದ್ದರಿಂದ ಈಗ ಪೂರ್ತಿ ಹೇಳಿಬಿಡುತ್ತೇನೆ. ನಿಮ್ಮಣ್ಣ ಕಾಯಿಲೆಯಲ್ಲಿದ್ದ ಹದಿನಾಲ್ಕು ತಿಂಗಳಲ್ಲಿ ನಿನ್ನ ರಬ್ಬರ್ ರಾಯ ನೂರ ಹದಿನೆಂಟು ಸಲ ದಾಳ ಹಾಕಿದ. ಒಂದು ಸಲವೂ ಆರು ಬೀಳಲಿಲ್ಲ. ನಾಲ್ಕು, ಐದು ಸೇರಿ ಒಂಬತ್ತೇ ಸಲ. ಅವರು ಹೋಗಿ ಹದಿನೈದು ದಿನಕ್ಕೆ ಬಂದ ಕಾಗದದಲ್ಲಿ ಮೊದಲನೇ ಆರು. ಗುಂಡುಕಲ್ಲು ಮುಳ್ಳಿಗೆ ಜೋತುಬಿದ್ದದ್ದು ಆ ಆರರಿಂದ. ಅದನ್ನು ಓದಿದಾಗಲೇ ನನಗೆ ಏನೋ ಚುಚ್ಚಿ, ಹಳೆಯ ಕಾಗದಗಳನ್ನೆಲ್ಲ ತೆಗೆದು ಎಣಿಸಿದ್ದು. ರಿಜಿಸ್ಟರಿನಲ್ಲಿ ನೂರ ಹದಿನೆಂಟು ಸಾಲು ಬರೆದು ಒಂದೊಂದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಪ್ರಶ್ನೆಗುರುತು ಹಾಕಿದ್ದೇನೆ.

ಮೂವತ್ತು ವರ್ಷದಿಂದ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಮತ್ತು ತೂಕದ ಕಲ್ಲು ಪರೀಕ್ಷೆ ಮಾಡುವುದು ನನ್ನ ಕೆಲಸ. ನೀನು ಯಾರ ಕಣ್ಣಿಗೆ ಮಣ್ಣೆರಚಲು ಹೋಗಿದ್ದೆ ಎಂದು ಸ್ವಲ್ಪ ಯೋಚಿಸಬೇಕಿತ್ತು.

ನಕ್ಷೆ ಬೀರುವಿನ ಹಿಂದೆ ಇದೆ, ಗೋಡೆಗೆ ಮುಖ ಮಾಡಿ.

ಸೀರಿಯಲ್ ಬಗ್ಗೆ ಬೇಕಾದರೆ ಬರಿ. ಕಾಮಿಕ್ಸ್ ಬಗ್ಗೆಯೂ ಬರಿ. ಆಟ ಬೇಡ. ಅತ್ತೆಯ ಮಂಡಿಗೆ ಬಿಸಿನೀರಿನ ಚೀಲ ಇಡು, ಅವರು ಬೇಡ ಎಂದರೂ ಇಡು.

ಇತಿ,
ಅತ್ತಿಗೆ


ಮಾರ್ಚ್ 2

ಪ್ರೀತಿಯ ಅತ್ತಿಗೆ,

ಆಟದ ಬಗ್ಗೆ ಬರೆಯುವುದಿಲ್ಲ. ಬಾಯಿಗೆ ಬೀಗ ಹಾಕಿದ್ದೇನೆ.

ಬೇರೆಯವರ ಆಟದ ಬಗ್ಗೆ ಬರೆಯಬಹುದಲ್ಲ? ಲ್ಯಾಬಿನಲ್ಲಿ ಒಬ್ಬರು ಕಂಪ್ಯೂಟರಿನ ಸೂಪರ್ ಹೀರೋ ಗೇಮ್ ಕೊಟ್ಟರು. ಚಿತ್ರ ಎಷ್ಟು ಚೆನ್ನಾಗಿದೆ ಎಂದರೆ ಹೀರೋ ಹಾರಿಹೋಗುವಾಗ ಕಿಟಕಿ ಗಾಜುಗಳಲ್ಲಿ ಅವನ ಬಿಂಬ ಕಾಣುತ್ತದೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಮೊದಲು ನಾನು ಹನ್ನೊಂದು ಸಲ ಕಟ್ಟಡದಿಂದ ಬಿದ್ದು ಸತ್ತೆ. ಪ್ರತಿ ಸಲವೂ ಬಟ್ಟೆ ಕೂಡ ಮಾಸದೆ ಅದೇ ತಾರಸಿಯ ಮೇಲೆ ಎದ್ದು ನಿಂತೆ. ಹನ್ನೆರಡನೇ ಸಲ ಬೀಳುವಾಗ ಆಕಳಿಕೆ ಬಂತು. ಅಮ್ಮ ಹಿಂದೆ ನಿಂತು ನೋಡುತ್ತಿದ್ದವಳು, "ಅವನಿಗೂ ಸ್ವಲ್ಪ ಸುಧಾರಿಸ್ಕೊಳ್ಳೋಕೆ ಬಿಡೇ," ಎಂದಳು. ಸತ್ತರೂ ಏನೂ ಆಗುವುದಿಲ್ಲ ಎಂದಮೇಲೆ ಹಾರುವುದರಲ್ಲಿ ಮಜಾ ಎಲ್ಲಿದೆ? ನಮ್ಮ ಬಡಕಲು ನೌಕೆಯೇ ವಾಸಿ. ಗೋಡೆ ಅಲ್ಲಾಡಿದರೂ ಒಳಗಿದ್ದವರಿಗೆ ಹೆದರಿಕೆ ಇರುತ್ತಿತ್ತು.

ಹಳೆ ಪುಸ್ತಕದಂಗಡಿಯಲ್ಲಿ ಕಾಮಿಕ್ಸಿನ ಒಂದು ಕಟ್ಟು ಸಿಕ್ಕಿತು. ನಲವತ್ತೆಂಟು ವರ್ಷದ ಹೆಂಗಸು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದೇ ಆರಿಸುವುದನ್ನು ನೋಡಿ ಅಂಗಡಿಯವನು, "ಮಕ್ಕಳಿಗಾ ಮೇಡಂ?" ಎಂದ. "ನಮ್ಮತ್ತಿಗೆಗೆ," ಎಂದೆ. ಇದರ ಜೊತೆ ಕಳಿಸಿದ್ದೇನೆ, ಮೂರನೆಯದರಲ್ಲಿ ಒಂದು ಹಾಳೆ ಹರಿದಿದೆ, ಅದು ನಾನಲ್ಲ.

ಓದುತ್ತಾ ನನಗೆ ಒಂದು ವಿಷಯ ಹೊಳೆಯಿತು. ಕಾಮಿಕ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಶಕ್ತಿ ಹಾರುವುದಲ್ಲ, ಗೋಡೆ ಒಡೆಯುವುದಲ್ಲ. ತಲೆಯ ಮೇಲಿನ ಆ ಮೋಡ. ಯಾರು ಏನು ಯೋಚಿಸುತ್ತಿದ್ದಾರೆ ಎಂದು ಗುಳ್ಳೆ ಗುಳ್ಳೆಯ ಮೋಡದಲ್ಲಿ ಬರೆದಿರುತ್ತದಲ್ಲ, ಅದು. ಅಂಥದ್ದೊಂದು ನನ್ನ ತಲೆಯ ಮೇಲೂ ಇದ್ದಿದ್ದರೆ ಆ ವರ್ಷ ನೀವು ಓದಿಕೊಂಡುಬಿಡುತ್ತಿದ್ದಿರಿ. ನಾನೇ ಹೇಳುವ ಕಷ್ಟ ಇರುತ್ತಿರಲಿಲ್ಲ.

ಆಟದ ಬಗ್ಗೆ ಬರೆದಿಲ್ಲ, ಗಮನಿಸಿ.

ನಿಮ್ಮ,
ಮಿಡತೆ

ಅಮ್ಮನ ಮಂಡಿಗೆ ಚೀಲ ಇಟ್ಟೆ. "ಅವಳು ಹೇಳಿದ್ಲಾ? ಹಾಗಾದ್ರೆ ಇಡು," ಎಂದಳು. ಹೆತ್ತ ಮಗಳ ಮಾತಿಗೆ ಬೆಲೆ ಇಲ್ಲ.


ಮಾರ್ಚ್ 21

ಮಿಡತೆಗೆ,

ಕಟ್ಟು ಬಂತು. ಎರಡು ದಿನದಲ್ಲಿ ಎಲ್ಲ ಮುಗಿಸಿದೆ. ಕಚೇರಿಗೂ ಒಂದು ತೆಗೆದುಕೊಂಡು ಹೋಗಿ ಫೈಲಿನ ಒಳಗಿಟ್ಟು ಓದಿದೆ, ನಿವೃತ್ತಿಗೆ ಮೂರು ತಿಂಗಳಿರುವವಳನ್ನು ಯಾರು ಏನು ಮಾಡುತ್ತಾರೆ.

ಐದನೆಯ ಪುಸ್ತಕದಲ್ಲಿ ಹೀರೋ ಸಾಯುತ್ತಾನೆ. ಪೂರ್ತಿ ಕಪ್ಪು ಪುಟ, ಮಾತಿಲ್ಲ. ಚೆನ್ನಾಗಿ ಬರೆದಿದ್ದಾರೆ ಎಂದುಕೊಂಡೆ. ಎಂಟನೆಯದರಲ್ಲಿ ಆಸಾಮಿ ಬಾಗಿಲು ತಟ್ಟಿಕೊಂಡು ವಾಪಸ್ ಬರುತ್ತಾನೆ. ಸತ್ತದ್ದು ಅವನಲ್ಲವಂತೆ, ಅವನಂತೆಯೇ ಇದ್ದ ಯಂತ್ರವಂತೆ. ಹೆಂಡತಿ ಅತ್ತು ತಬ್ಬಿಕೊಳ್ಳುತ್ತಾಳೆ, ಮುಂದಿನ ಪುಟದಲ್ಲಿ ಇಬ್ಬರೂ ತಿಂಡಿ ತಿನ್ನುತ್ತಿದ್ದಾರೆ. ನನಗೆ ಮೈ ಉರಿಯಿತು. ರದ್ದಿಗೆ ಹಾಕಿದೆ. ಆಮೇಲೆ ಎತ್ತಿಕೊಂಡು ಪೂರ್ತಿ ಓದಿದೆ, ಅದು ಬೇರೆ ವಿಷಯ.

ನಿನ್ನ ಮೋಡದ ಮಾತು ಬಿಡಲಿಲ್ಲ ನನ್ನನ್ನು. ಆದ್ದರಿಂದ ನಾನೇ ಹಾಕಿದ ಬೇಲಿಯನ್ನು ನಾನೇ ದಾಟುತ್ತಿದ್ದೇನೆ.

ಆ ಹದಿನಾಲ್ಕು ತಿಂಗಳು ನನಗೆ ಯಾರೂ ನಿಜ ಹೇಳಲಿಲ್ಲ. ಡಾಕ್ಟರು ನನ್ನ ಮುಖ ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡಿಕೊಂಡು "ಇಂಪ್ರೂವ್ ಆಗ್ತಿದ್ದಾರೆ" ಎನ್ನುತ್ತಿದ್ದರು. ಅತ್ತೆ "ಗುಣ ಆಗ್ತಾನೆ" ಎಂದರು. ನಿಮ್ಮಣ್ಣ ಎದ್ದು ಕೂರಲಾಗದಿದ್ದರೂ "ಮುಂದಿನ ತಿಂಗಳು ಬ್ರಷ್ ಹಿಡೀತೀನಿ ನೋಡು" ಎನ್ನುತ್ತಿದ್ದರು. ಎಲ್ಲರ ಮಾತಿನಲ್ಲೂ ಎಲ್ಲೋ ತೂಕ ಕಡಿಮೆ ಎಂದು ಗೊತ್ತಾಗುತ್ತಿತ್ತು, ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಗುರುವಾರ ಗುರುವಾರ ನಿನ್ನ ಕಾಗದ ಬರುತ್ತಿತ್ತು. ರಬ್ಬರ್ ರಾಯನಿಗೆ ಎರಡು ಬಿತ್ತು, ಮೂರು ಬಿತ್ತು ಎಂದು. ಆ ಅಂಕಿಯನ್ನು ಯಾರೂ ನನ್ನ ಮನಸ್ಸು ನೋಡಿ ಹೇಳಿದ್ದಲ್ಲ, ಬಿದ್ದದ್ದು ಬಿದ್ದ ಹಾಗೆ ಬಂದಿದೆ ಎಂದು ನಾನು ಎಷ್ಟು ಸಮಾಧಾನ ಪಟ್ಟುಕೊಂಡೆ, ನಿನಗೆ ಗೊತ್ತಿಲ್ಲ. ಅವರ ಹಾಸಿಗೆಯ ಪಕ್ಕ ಕೂತು ಓದಿ ಹೇಳುತ್ತಿದ್ದೆ. ಇಡೀ ಮನೆಯಲ್ಲಿ ನಿಜವಾದದ್ದು ಅದೊಂದೇ ಎಂದುಕೊಂಡಿದ್ದೆ.

ಈಗ ಒಂದೇ ಪ್ರಶ್ನೆ. ಅವರು ಉಳಿಯುವುದಿಲ್ಲ ಎಂದು ನಿನಗೆ ಯಾವಾಗ ಗೊತ್ತಾಯಿತು?

ಇತಿ,
ಅತ್ತಿಗೆ


ಏಪ್ರಿಲ್ 30

ಪ್ರೀತಿಯ ಅತ್ತಿಗೆ,

ಐದು ಸಲ ಬರೆದು ಹರಿದೆ. ಒಂದೂವರೆ ತಿಂಗಳಿಗೆ ಹತ್ತಿರವಾಯಿತು, ಕ್ಷಮಿಸಿ.

ಮೊದಲಿನಿಂದಲೇ ಗೊತ್ತಿತ್ತು. ನಿಮಗಿಂತ ಹದಿಮೂರು ತಿಂಗಳು ಮೊದಲು.

ಅಣ್ಣ ಲ್ಯಾಬಿನ ಹತ್ತಿರ ಬಂದಿದ್ದ. ನಿಮಗೆ ಬಣ್ಣ ತರುತ್ತೇನೆ ಎಂದು ಹೇಳಿ ಬಸ್ ಹತ್ತಿದ್ದನಂತೆ. ಹೊರಗಿನ ಬೆಂಚಿನ ಮೇಲೆ ಕೂತೆವು. ಅವನ ಉಗುರುಗಳಲ್ಲಿ ಹಳದಿ ಬಣ್ಣ ಇತ್ತು. ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಾ ಹಾಕುತ್ತಾ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಒಂದು ವರ್ಷ, ಹೆಚ್ಚೆಂದರೆ ಒಂದೂಕಾಲು ವರ್ಷ. ಆಮೇಲೆ, "ನಿಮ್ಮತ್ತಿಗೆಗೆ ಹೇಳ್ಬೇಡ ಮಿಡತೆ. ಗೊತ್ತಾದ್ರೆ ದಿನಾ ಬೆಳಿಗ್ಗೆ ನನ್ನನ್ನ ತಕ್ಕಡಿ ಮೇಲೆ ನಿಲ್ಲಿಸ್ತಾಳೆ," ಎಂದು ನಕ್ಕ. ನಾನೂ ನಕ್ಕೆ. ಇಬ್ಬರೂ ನಕ್ಕೆವು ಅತ್ತಿಗೆ, ಆ ಬೆಂಚಿನ ಮೇಲೆ, ಕಡಲೆಕಾಯಿ ತಿನ್ನುತ್ತಾ. ಮಾತು ಕೊಟ್ಟುಬಿಟ್ಟೆ.

ಆ ಸಂಜೆ ನಿಮ್ಮ ಕಾಗದಕ್ಕೆ ಉತ್ತರ ಬರೆಯಬೇಕಿತ್ತು. ರಬ್ಬರ್ ರಾಯ ಗುಂಡುಕಲ್ಲಿನ ಮನೆಬಾಗಿಲನ್ನು ಅಳಿಸಲು ಬಂದಿದ್ದ. ದಾಳ ಹಾಕಿದೆ, ಐದು ಬಿತ್ತು. ನಾನು ಎರಡು ಎಂದು ಬರೆದೆ. ಅದು ಮೊದಲನೆಯದು. ನಿಮ್ಮ ಮನೆಗೆ ಏನು ಬರುತ್ತಿದೆ ಎಂದು ಗೊತ್ತಿದ್ದೂ ಹೇಳುವ ಹಾಗಿಲ್ಲ, ತಡೆಯುವ ಶಕ್ತಿ ಇಲ್ಲ. ಆ ಬಾಗಿಲೊಂದನ್ನು ಉಳಿಸುವುದು ಮಾತ್ರ ನನ್ನ ಕೈಯಲ್ಲಿತ್ತು. ಉಳಿಸಿದೆ. ಮುಂದಿನ ವಾರವೂ ಉಳಿಸಿದೆ. ಆಮೇಲೆ ನಿಲ್ಲಿಸಲಾಗಲಿಲ್ಲ.

ಕೊನೆಯ ಕಾಗದದ ಆರು ಮಾತ್ರ ನಿಜವಾಗಿ ಬಿದ್ದದ್ದು. ಅಣ್ಣ ಹೋದ ಮೇಲೆ ಇನ್ನು ಸುಳ್ಳು ಬೇಡ ಎಂದುಕೊಂಡು ಬರೆದೆ. ಆ ಒಂದು ನಿಜ ಮಿಕ್ಕ ನೂರ ಹದಿನೆಂಟನ್ನು ಬಯಲಿಗೆಳೆಯುತ್ತದೆ ಎಂದು ತಲೆಗೆ ಹೊಳೆಯಲೇ ಇಲ್ಲ. ನಿಮ್ಮ ಮೇಲೆ ಅಯ್ಯೋ ಪಾಪ ಎಂದು ಮಾಡಿದ್ದಲ್ಲ ಅತ್ತಿಗೆ. ನನಗೆ ತಡೆಯಲಾಗದೆ ಮಾಡಿದ್ದು. ಆದರೆ ನಿಮಗಿದ್ದ ಒಂದೇ ನಿಜವನ್ನು ನಾನು ಕಿತ್ತುಕೊಂಡೆ ಎಂದು ನಿಮ್ಮ ಕಾಗದ ಓದುವವರೆಗೂ ನನಗೆ ಗೊತ್ತಿರಲಿಲ್ಲ. ತಪ್ಪಾಯಿತು. ಇದಕ್ಕಿಂತ ದೊಡ್ಡ ಮಾತು ನನ್ನ ಹತ್ತಿರ ಇಲ್ಲ.

ನಿಮ್ಮ,
ಮಿಡತೆ


ಮೇ 12

ಮಿಡತೆಗೆ,

ಮೂರು ಸಲ ಓದಿದೆ. ಮೊದಲನೇ ಸಲ ನಿನ್ನನ್ನು ಬೈದೆ. ಎರಡನೇ ಸಲ ನಿಮ್ಮಣ್ಣನ ಫೋಟೋ ಮುಂದೆ ನಿಂತು, ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ ಅವರನ್ನು ಬೈದೆ. ಮೂರನೇ ಸಲ ಅತ್ತುಬಿಟ್ಟೆ.

ತಕ್ಕಡಿಯ ಮೇಲೆ ನಿಲ್ಲಿಸುವುದು ಬೇಕಿರಲಿಲ್ಲ ಎಂದು ಅವರಿಗೆ ಹೇಳಬೇಕಿತ್ತು. ಬೆನ್ನಿಗೆ ದಿಂಬು ಕೊಡಲು ಎತ್ತಿ ಕೂರಿಸುವಾಗ ನನ್ನ ಕೈಗೆ ವಾರವಾರವೂ ಗೊತ್ತಾಗುತ್ತಿತ್ತು. ಈ ವಾರ ಅರ್ಧ ಕೆಜಿ, ಈ ವಾರ ಒಂದು. ಎಲ್ಲರೂ ಗುಣವಾಗುತ್ತಾರೆ ಎಂದಾಗ ನಾನು ನನ್ನ ಕೈಯನ್ನೇ ಅನುಮಾನಿಸಿದೆ. ನಿನ್ನ ಮೇಲಿನ ಸಿಟ್ಟಿನಲ್ಲಿ ಅರ್ಧ ಅದರದ್ದು. ನೀನು ಹೇಳದಿದ್ದರೂ ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ.

ಇನ್ನೊಂದು. ನಿನ್ನ ಕಾಗದ ಓದಿ ಹೇಳುವಾಗ, "ಎರಡು ಬಿತ್ತು" ಎಂದ ಕೂಡಲೇ ಅವರು ಗೋಡೆಯ ಕಡೆ ತಿರುಗಿ ನಗುತ್ತಿದ್ದರು. "ರಬ್ಬರ್ ರಾಯನಿಗೆ ಯಾಕೋ ಕೈ ಸೋತಿದೆ ಕಣೇ," ಎನ್ನುತ್ತಿದ್ದರು. ಗೆದ್ದ ಖುಷಿಗೆ ನಗುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಎಲ್ಲ ಗೊತ್ತಿತ್ತು, ನೀನು ಏನು ಮಾಡುತ್ತಿದ್ದೆ ಎಂದು. ಅಣ್ಣ ತಂಗಿ ಸೇರಿ ಚೆನ್ನಾಗಿಯೇ ನಡೆಸಿದಿರಿ.

ನಮ್ಮ ಇಲಾಖೆಯ ಒಂದು ಪದ್ಧತಿ ಹೇಳುತ್ತೇನೆ. ಸುಳ್ಳು ತೋರಿಸುವ ತಕ್ಕಡಿ ಸಿಕ್ಕರೆ ಅದನ್ನು ಒಡೆದುಹಾಕುವುದಿಲ್ಲ. ರಿಪೇರಿ ಮಾಡಿಸಿಕೊಂಡು ಬಾ ಎಂದು ಕಳಿಸುತ್ತೇವೆ. ತಂದ ಮೇಲೆ ಮತ್ತೆ ಪರೀಕ್ಷೆ ಮಾಡಿ, ಸರಿಯಿದ್ದರೆ ಹೊಸ ಮುದ್ರೆ ಹಾಕುತ್ತೇವೆ. ನಿನಗೆ ಆರು ವರ್ಷ ಪರೀಕ್ಷೆಯ ಅವಕಾಶವನ್ನೇ ಕೊಡದೆ ಬಾಗಿಲು ಹಾಕಿಕೊಂಡದ್ದು ಪದ್ಧತಿಗೆ ವಿರುದ್ಧ. ಅಷ್ಟು ನನ್ನ ತಪ್ಪು.

ಮುಳ್ಳನ್ನು ಅಳಿಸಲು ರಬ್ಬರ್ ರಾಯ ದಾಳ ಹಾಕುವುದು ಬಾಕಿ ಇತ್ತಲ್ಲ. ನಾಲ್ಕು ಅಥವಾ ಮೇಲೆ ಬಿದ್ದರೆ ಮುಳ್ಳು ಹೋಯಿತು, ಗುಂಡುಕಲ್ಲು ಸತ್ತಳು. ಮೂರು ಅಥವಾ ಕೆಳಗೆ ಬಿದ್ದರೆ ಬದುಕಿದಳು. ಹಾಕು.

ಇತಿ,
ಅತ್ತಿಗೆ


ಮೇ 24

ಪ್ರೀತಿಯ ಅತ್ತಿಗೆ,

ನನ್ನಿಂದಾಗಲಿಲ್ಲ. ದಾಳ ಕೈಯಲ್ಲಿ ಹಿಡಿದುಕೊಂಡು ಕೂತು ಕೂತು ಬೆವರಿದೆ. ಮೂರರೊಳಗೆ ಬಿದ್ದರೆ ನೀವು ನಂಬುವುದಿಲ್ಲ. ನಂಬಿದ ಹಾಗೆ ಬರೆದರೂ ಮನಸ್ಸಿನಲ್ಲಿ ಪ್ರಶ್ನೆಗುರುತು ಉಳಿಯುತ್ತದೆ.

ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಜೊತೆಗಿರುವ ಡಬ್ಬಿ ನಾವು ಹಲ್ಲಿನ ಸೆಟ್ ಕಳಿಸುವ ಡಬ್ಬಿ. ಒಳಗೆ ಹೊಸ ದಾಳ ಇದೆ, ಹಲ್ಲು ಮಾಡುವ ಸಾಮಾನಿನಲ್ಲೇ ನಾನು ಎರಕ ಹೊಯ್ದು ಮಾಡಿದ್ದು. ಮೈ ಹಲ್ಲಿನ ಬಿಳಿ, ಚುಕ್ಕೆಗಳು ವಸಡಿನ ಗುಲಾಬಿ. ನೋಡಲು ಸ್ವಲ್ಪ ಹೇಸಿಗೆ, ಆದರೆ ಅಂಚುಗಳು ಒಂದು ಕೂದಲೆಳೆ ಹೆಚ್ಚುಕಡಿಮೆ ಇಲ್ಲ. ಇಲ್ಲಿಂದ ಅಲ್ಲಿಗೆ ಬರುವಷ್ಟರಲ್ಲಿ ಅಂಚೆಯವರು ಅದನ್ನು ಸಾವಿರ ಸಲ ಉರುಳಿಸಿರುತ್ತಾರೆ. ನೀವು ಮುಚ್ಚಳ ತೆಗೆದಾಗ ಮೇಲೆ ಕಂಡದ್ದೇ ರಬ್ಬರ್ ರಾಯನಿಗೆ ಬಿದ್ದದ್ದು. ನನ್ನ ಕೈ ಇದರಲ್ಲಿಲ್ಲ, ನೀವು ನನ್ನನ್ನು ನಂಬುವ ಕಷ್ಟವೂ ಇಲ್ಲ.

ಮೇಷ್ಟ್ರು ನೋಡಿ, "ಇಷ್ಟು ಚೆನ್ನಾಗಿ ಪೇಷೆಂಟ್ ಹಲ್ಲು ಯಾವತ್ತಾದ್ರೂ ಮಾಡಿದ್ದೀಯೇನಮ್ಮಾ?" ಎಂದರು.

ನಿಮ್ಮ,
ಮಿಡತೆ


ಜೂನ್ 10

ಬೆಪ್ಪುತಕ್ಕಡಿ,

ಪಾರ್ಸೆಲ್ ಬಂತು. ಕಣ್ಣು ಮುಚ್ಚಿಕೊಂಡು ಮುಚ್ಚಳ ತೆಗೆದು, ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಅಂಚೆಯವರಿಗೆ ಏನು ಬಿದ್ದಿತ್ತೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ದಾಳವನ್ನು ಕಚೇರಿಗೆ ತೆಗೆದುಕೊಂಡು ಹೋಗಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದೆ. ಆಮೇಲೆ ಗುಮಾಸ್ತರು, ಟೈಪಿಸ್ಟು, ನಾನು ಮೂವರೂ ಸೇರಿ ಮೂರು ದಿನದ ಊಟದ ಬಿಡುವಿನಲ್ಲಿ ಆರುನೂರು ಸಲ ಹಾಕಿದೆವು. ಒಂದು ತೊಂಬತ್ತೇಳು ಸಲ, ಎರಡು ನೂರ ನಾಲ್ಕು, ಮೂರು ತೊಂಬತ್ತೊಂಬತ್ತು, ನಾಲ್ಕು ನೂರ ಒಂದು, ಐದು ನೂರ ಮೂರು, ಆರು ತೊಂಬತ್ತಾರು. ಇದು ಯಾವ ಇಲಾಖೆಯ ಕೆಲಸ ಎಂದು ಗುಮಾಸ್ತರು ಕೇಳಿದರು. ನಿವೃತ್ತಿಯ ಇಲಾಖೆ ಎಂದೆ. ದಾಳ ಸರಿಯಾಗಿದೆ. ವಾಪಸ್ ಕಳಿಸಿದ್ದೇನೆ.

ಎಸೆಯುವ ಕೈಯನ್ನು ಪರೀಕ್ಷೆ ಮಾಡುವ ಉಪಕರಣ ನಮ್ಮಲ್ಲಿಲ್ಲ. ಅಂಚೆಯವರನ್ನು ನಂಬಲು ನನಗೆ ಅವರೇನು ನಾದಿನಿಯೇ? ನನಗೆ ಬೇಕಾದದ್ದು ನಿನ್ನ ಕೈ. ನೀನೇ ಹಾಕು, ಬಿದ್ದದ್ದನ್ನು ಬರಿ. ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ, ಈ ಸಲವೂ ಸುಳ್ಳು ಎಂದು ನನಗೆ ಅನ್ನಿಸಿದರೆ ನಮ್ಮ ಆ ಚೆನ್ನಾಗಿದ್ದೀರಾ, ಚೆನ್ನಾಗಿದ್ದೀನಿ ಕೂಡ ಇರುವುದಿಲ್ಲ. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಆದರೂ ಹೇಳುತ್ತಿದ್ದೇನೆ.

ಇತಿ,
ಅತ್ತಿಗೆ


ಜೂನ್ 22

ಪ್ರೀತಿಯ ಅತ್ತಿಗೆ,

ಹಾಕಿದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ, ಕೆಲಸದ ಮೇಜಿನ ಮೇಲಿನ ಪ್ಲಾಸ್ಟರ್ ಪುಡಿಯನ್ನೆಲ್ಲ ಒರೆಸಿ ಜಾಗ ಮಾಡಿಕೊಂಡೆ. ಮೇಷ್ಟ್ರು ಉಳಿದುಕೊಂಡಿದ್ದರು. "ಸಾಕ್ಷಿಗೆ ನಾನಿರ್ತೀನಮ್ಮಾ, ಬೇಕಾದ್ರೆ ಸಹಿ ಹಾಕಿ ಕೊಡ್ತೀನಿ," ಎಂದರು. ಎಷ್ಟು ಆಸೆಯಾಯಿತು ಎಂದರೆ ಹೇಳಲಾರೆ. ಬೇಡ ಎಂದು ಅವರನ್ನು ಊಟಕ್ಕೆ ಕಳಿಸಿದೆ. ನೀವು ಕೇಳಿದ್ದು ನನ್ನ ಕೈ, ಮೇಷ್ಟ್ರ ಸಹಿಯಲ್ಲ.

ದಾಳ ಮೇಜಿನ ಅಂಚಿನವರೆಗೂ ಉರುಳಿ ಒಂದು ದವಡೆಗೆ ತಾಗಿ ನಿಂತಿತು. ಎರಡು.

ಅತ್ತಿಗೆ, ಎರಡು ಬಿತ್ತು. ನನ್ನ ಮೊದಲನೇ ಸುಳ್ಳಿನ ಅದೇ ಎರಡು. ಒಂದೋ ಮೂರೋ ಬೀಳಬಾರದಿತ್ತೇ ಎಂದು ದಾಳವನ್ನು ಬೈದೆ. ಆಮೇಲೆ ಅರ್ಧ ಗಂಟೆ ನನ್ನ ತಲೆಯಲ್ಲಿ ಏನೇನು ಓಡಿತು ಎಂದು ಹೇಳಿಬಿಡುತ್ತೇನೆ. ಆರು ಎಂದು ಬರೆದುಬಿಡೋಣ ಅನ್ನಿಸಿತು. ಆರು ಎಂದರೆ ನೀವು ತಕ್ಷಣ ನಂಬುತ್ತೀರಿ. ಗುಂಡುಕಲ್ಲು ಸಾಯುತ್ತಾಳೆ, ಇಬ್ಬರೂ ಅಳುತ್ತೇವೆ, ನಾನು ಪಾಸಾಗುತ್ತೇನೆ. ಪೆನ್ನು ಕಾಗದದ ಮೇಲೆ ಇಟ್ಟೂ ಇದ್ದೆ. ಆ ಕಡೆಗೆ ತಿರುಗಿಸಿದರೂ ಸುಳ್ಳು ಸುಳ್ಳೇ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಆದ್ದರಿಂದ ಬಿದ್ದದ್ದನ್ನೇ ಬರೆಯುತ್ತಿದ್ದೇನೆ. ರಬ್ಬರ್ ರಾಯ ನಿಮಿಷದ ಮುಳ್ಳನ್ನು ಉಜ್ಜಿದ, ಉಜ್ಜಿದ. ಆರು ವರ್ಷ ಬಿಸಿಲಲ್ಲಿ ಎತ್ತಿ ಹಿಡಿದಿದ್ದ ರಬ್ಬರ್ ಒಣಗಿ ಪುಡಿಪುಡಿಯಾಗಿ ಕೆಳಗಿನ ರಸ್ತೆಗೆ ಉದುರಿತು. ಮುಳ್ಳಿಗೆ ಏನೂ ಆಗಲಿಲ್ಲ. ಗುಂಡುಕಲ್ಲು ಬದುಕಿದ್ದಾಳೆ.

ನಿಮಗೆ ಇದು ಹಳೆಯ ಕಾಗದಗಳ ಹಾಗೆಯೇ ಕಾಣುತ್ತದೆ ಎಂದು ಗೊತ್ತು. ನನ್ನ ಹತ್ತಿರ ತೋರಿಸಲು ಏನೂ ಇಲ್ಲ. ಹೆದರಿಕೆಯಾಗಿದೆ. ಆದರೂ ಇದನ್ನು ಈಗಲೇ ಹೋಗಿ ಅಂಚೆ ಡಬ್ಬಿಗೆ ಹಾಕುತ್ತೇನೆ, ಇಲ್ಲದಿದ್ದರೆ ಹರಿದುಬಿಡುತ್ತೇನೆ.

ನಿಮ್ಮ,
ಮಿಡತೆ


ಜೂನ್ 30

ಪ್ರೀತಿಯ ಮಿಡತೆ,

ಇವತ್ತು ಕಚೇರಿಯಲ್ಲಿ ನನ್ನ ಕೊನೆಯ ದಿನ. ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟರು. ಮುಳ್ಳುಗಳು ಗಟ್ಟಿಯಾಗಿವೆಯೇ ಎಂದು ಎಲ್ಲರೆದುರೇ ಎಳೆದು ನೋಡಿದೆ, ಯಾರಿಗೂ ಅರ್ಥವಾಗಲಿಲ್ಲ.

ನಿನ್ನ ಕಾಗದ ಗುರುವಾರವೇ ಬಂದಿತ್ತು. ರಿಜಿಸ್ಟರ್ ತೆಗೆದು ಆ ಆರರ ಕೆಳಗೆ, ನೂರ ಇಪ್ಪತ್ತನೇ ಸಾಲಿನಲ್ಲಿ "ಎರಡು" ಎಂದು ಬರೆದೆ. ಪಕ್ಕದಲ್ಲಿ ಏನೂ ಹಾಕಲಿಲ್ಲ.

ಬೀರುವಿನ ಹಿಂದಿನಿಂದ ನಕ್ಷೆಯನ್ನು ಹೊರಗೆಳೆದು ಒರೆಸಿ ಕಿಟಕಿಯ ಪಕ್ಕ ಒರಗಿಸಿದ್ದೇನೆ. ಬಣ್ಣ ಚೆನ್ನಾಗಿಯೇ ಇದೆ. ಅದನ್ನು ನೋಡಿಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ, ನಿನ್ನ ಹತ್ತಿರವೂ ಇದರ ಪ್ರತಿ ಇದ್ದರೆ ಎದುರಿಗಿಟ್ಟುಕೋ.

ಗುಂಡುಕಲ್ಲು ಮುಳ್ಳಿನ ಮೇಲೆ ತೆವಳಿ, ಗಡಿಯಾರದ ಹಿಂದಿನ ಕಿರುಬಾಗಿಲಿನಿಂದ ಒಳಗೆ ಹೋದಳು. ಕೈ ಉಜ್ಜಿಕೊಂಡು ಸ್ವಲ್ಪ ಹೊತ್ತು ಕೂತಳು. ನೀರು ಕುಡಿದಳು, ಅರವತ್ತು ವರ್ಷದವಳಲ್ಲವೇ. ಆಮೇಲೆ ರಬ್ಬರ್ ರಾಯನ ಹಿಂದಿನಿಂದ ಹೋಗಿ, ಅವನು ಅಲ್ಲಾಡದ ಹಾಗೆ ಅವನ ಕೋಟನ್ನು ಬೆಟ್ಟದಷ್ಟು ಭಾರ ಮಾಡಲು ಮುಟ್ಟಿದಳು. ನಾನು ದಾಳ ಹಾಕಿದೆ. ಒಂದು. ಕನ್ನಡಕ ಒರೆಸಿಕೊಂಡು ನೋಡಿದೆ, ಒಂದೇ. ಕೆಲಸ ತಿರುವುಮುರುವಾಗಿ ಕೋಟು ಹತ್ತಿಯಷ್ಟು ಹಗುರವಾಯಿತು. ಗಾಳಿ ಬೀಸಿತು, ಆಸಾಮಿ ಛತ್ರಿಯ ಹಾಗೆ ತಾರಸಿಗಳ ಮೇಲೆ ಹಾರಿಕೊಂಡು ಹೋದ.

ಅವನು ಇಳಿದದ್ದು ಹಳದಿ ಬೀದಿಯಲ್ಲಿ. ಅಲ್ಲಿ ಬೇಕರಿಯ ಮೇಲೆ ನಿಮ್ಮಣ್ಣ ಬರೆದ ಬೋರ್ಡ್ ಇದೆ, ಇಡೀ ನಕ್ಷೆಯಲ್ಲಿ ಅವರು ತಮ್ಮ ಸಹಿ ಹಾಕಿದ್ದು ಅದೊಂದರ ಮೂಲೆಯಲ್ಲಿ. ರಬ್ಬರ್ ರಾಯನ ಜೇಬಿನಲ್ಲಿ ಇನ್ನೊಂದು ರಬ್ಬರ್ ಇದೆ ಎಂದು ಆಟದ ನಾಲ್ಕನೇ ವರ್ಷದ ಕಾಗದದಲ್ಲಿ ನೀನೇ ಬರೆದಿದ್ದೆ. ಅವನು ಅದನ್ನು ಕೈಗೆ ತೆಗೆದುಕೊಂಡು ಬೋರ್ಡಿನ ಮುಂದೆ ನಿಂತಿದ್ದಾನೆ.

ಗುಂಡುಕಲ್ಲು ಓಡಿ ಬರುತ್ತಿದ್ದಾಳೆ, ಆದರೆ ದೂರ ಇದ್ದಾಳೆ. ಸರದಿ ನಿನ್ನದು.

ಎಷ್ಟು ಬಿತ್ತು, ಬರಿ.

ಇತಿ,
ಅತ್ತಿಗೆ